ಅಡಿಗೆ ಅಕ್ಕನ ಮೂಗು

ಹಲಸಿನ ಹಣ್ಣಿಗೆ ಕೈ ಹಾಕುವ ಮೊದಲು ಅಂಗೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕೆಂಬುದು ನನಗೆ ಮೂವತ್ತಾರನೆಯ ವಯಸ್ಸಿನವರೆಗೂ ಗೊತ್ತಿರಲಿಲ್ಲ. ನಾನು ಗದಗದ ಕಡೆಯವಳು. ನಮ್ಮಲ್ಲಿ ಜೋಳ, ಕಡಲೆ, ಮೆಣಸಿನಕಾಯಿ. ಹಲಸು ಎಂದರೆ ಸಂತೆಯಲ್ಲಿ ತಟ್ಟೆಯ ಮೇಲೆ ಇಟ್ಟು ಮಾರುವ ಬಿಡಿಸಿದ ತೊಳೆ. ಮದುವೆ ಮುರಿದ ಮೇಲೆ ಊರಿನಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಪರಿಚಯದವರೊಬ್ಬರ ಮಾತಿನ ಮೇಲೆ, ಮಣಿಪಾಲದಿಂದ ಪರ್ಕಳದ ಕಡೆ ಇಳಿಯುವ ರಸ್ತೆಯ ಒಂದು ಮಹಿಳಾ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದೆ. ಬಂದ ಮೂರನೆಯ ದಿನ ಹಿತ್ತಿಲಿನ ಮರದಿಂದ ಒಂದು ಹಣ್ಣು ಬಿದ್ದಿತ್ತು. ಉತ್ಸಾಹದಿಂದ ಎರಡೂ ಕೈ ತೂರಿಸಿ ಸೀಳಿದೆ. ಮೇಣ ಬೆರಳುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಟ್ಟಿತು. ಸೋಪು ಹಾಕಿ ಉಜ್ಜಿದಷ್ಟೂ ಗಟ್ಟಿಯಾಯಿತು. ಅಳು ಬಂದು ನಲ್ಲಿಯ ಹತ್ತಿರ ನಿಂತಿದ್ದಾಗ ಅಡಿಗೆಮನೆಯಿಂದ ಒಬ್ಬರು ಎಣ್ಣೆಯ ಬಾಟಲಿ ಹಿಡಿದು ಬಂದರು. ಏನೂ ಕೇಳದೆ ನನ್ನ ಕೈಗಳನ್ನು ತಮ್ಮ ಕೈಗಳ ನಡುವೆ ತೆಗೆದುಕೊಂಡು, ಎಣ್ಣೆ ಹಾಕಿ, ಮಗುವಿನ ಕೈ ತಿಕ್ಕುವಂತೆ ತಿಕ್ಕಿದರು. ಮೇಣ ಉಂಡೆಯುಂಡೆಯಾಗಿ ಬಿಟ್ಟುಕೊಂಡಿತು.

“ಅಂಟಿಗೆ ನೀರು ಆಗುದಿಲ್ಲ ಮೇಡಂ. ಅಂಟಿಗೆ ಜಿಡ್ಡೇ ಆಗಬೇಕು” ಎಂದರು.

ಆ ಹೊತ್ತಿಗೆ ಯಾರಾದರೂ ನನ್ನ ಕೈ ಹಿಡಿದು ಎರಡು ವರ್ಷವಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಹಾಸ್ಟೆಲಿನ ನಲವತ್ತು ಹುಡುಗಿಯರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನು ನಮ್ಮ ಕಡೆಯ ರೂಢಿಯಂತೆ ಅಕ್ಕಾರ ಎಂದೆ. ಅದು ಅವರಿಗೆ ತಮಾಷೆಯಾಗಿ ಕೇಳಿಸುತ್ತಿತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಾರ್ಕಳದ ಹತ್ತಿರದವರು, ಮನೆಮಾತು ತುಳು. ಸಣ್ಣ ಆಳು, ಬಿಗಿಯಾಗಿ ಸುತ್ತಿದ ತುರುಬು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅಡಿಗೆಮನೆಯ ಹಿಂದಿನ ಕೋಣೆಯೇ ಅವರ ಮನೆ. ಅವರ ಮದುವೆಯ ವಿಷಯ ಕೇಳಬಾರದೆಂದು ಹಳೆಯ ಹುಡುಗಿಯರು ನನಗೆ ಮೊದಲೇ ಎಚ್ಚರಿಸಿದ್ದರು. ನನ್ನ ಮದುವೆಯ ವಿಷಯ ಕೇಳಬಾರದೆಂದು ಅವರಿಗೆ ಯಾರು ಎಚ್ಚರಿಸಿದ್ದರೋ, ಅವರೂ ಕೇಳಲಿಲ್ಲ.

ಅವರು ಪಾತ್ರೆಪಗಡಗಳ ಬಗ್ಗೆ ಮಾತಾಡುವುದನ್ನು ಕೇಳಿದರೆ ಮನೆಮಂದಿಯ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ದೋಸೆಯ ಕಾವಲಿಗೆ ಸೋಪು ಮುಟ್ಟಿಸಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬಿಸಿ ಇರುವಾಗಲೇ ಒರೆಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕಿ ಇಡಬೇಕು. ಹಾಗೆ ಇಟ್ಟ ಕಾವಲಿ ಮರುದಿನ ಮೊದಲ ದೋಸೆಯನ್ನೇ ಎಬ್ಬಿಸಿ ಕೊಡುತ್ತದೆ. ಕಾಲಿನಡಿ ಮೆಟ್ಟಿಕೊಂಡು ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು, ನಮ್ಮ ಕಡೆ ಈಳಿಗೆ ಎನ್ನುತ್ತೇವಲ್ಲ ಅದನ್ನು, ಕೆಲಸ ಮುಗಿದ ಕೂಡಲೇ ತೊಳೆದು ಒಲೆಯ ಹತ್ತಿರ ಒಣಗಿಸಿ, ಬಾಯಿಗೆ ಎಣ್ಣೆ ಸವರಿ, ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಕಬ್ಬಿಣಕ್ಕೆ ಕೆಲಸ ಮಾಡಿ ಸವೆತ ಬರುವುದಿಲ್ಲ, ಒದ್ದೆಯಲ್ಲಿ ಸುಮ್ಮನೆ ಕುಳಿತರೆ ಬರುತ್ತದೆ ಎಂಬುದು ಅವರ ಮಾತು.

ಬುಧವಾರ ಮತ್ತು ಭಾನುವಾರ ಮೀನು. ಮೀನು ತೊಳೆದ ಪಾತ್ರೆಗೆ ಮೊದಲು ತಣ್ಣೀರು, ಬಿಸಿನೀರು ಹಾಕಿದರೆ ವಾಸನೆ ಕಚ್ಚಿಕೊಳ್ಳುತ್ತದೆ. ಆಮೇಲೆ ರಸ ಹಿಂಡಿದ ಹುಣಿಸೆಯ ಚರಟ, ಉಪ್ಪು. ಅರಸಿನದ ಕಲೆ ಹಿಡಿದ ಮಿಕ್ಸಿಯ ಜಾರಿಗೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸುವುದು. ಅನ್ನ ತಳ ಹಿಡಿದರೆ ಕೆರೆಯಲೇಬಾರದು. ನೀರು, ಸ್ವಲ್ಪ ಹುಣಿಸೆ ಹಾಕಿ ಕುದಿಸಿ ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು. “ಕೆಲವನ್ನು ಅವುಗಳ ಪಾಡಿಗೆ ಬಿಡ್ಬೇಕು, ತಾನಾಗಿ ಬಿಡ್ತದೆ” ಎನ್ನುತ್ತಿದ್ದರು. ಹುಡುಗಿಯರು ಇದನ್ನೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕುತ್ತಿದ್ದರು. ಮದುವೆಯಾಗಿ ದುಬೈಗೆ ಹೋದವಳೊಬ್ಬಳು ಅಲ್ಲಿಂದ ಫೋನ್ ಮಾಡಿ, ಹೊಸ ಮಣ್ಣಿನ ಚಟ್ಟಿಯನ್ನು ಹೇಗೆ ಪಳಗಿಸುವುದು ಎಂದು ಕೇಳಿದ್ದಳು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಗಂಜಿತಿಳಿ ತುಂಬಿಸಿ ಮೂರು ದಿನ ಇಡು, ದಿನಾ ಬದಲಿಸು, ಆಮೇಲೆ ಸಣ್ಣ ಉರಿ ಎಂದು ಅರ್ಧ ಗಂಟೆ ಹೇಳಿದರು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಖುಷಿಯಲ್ಲಿದ್ದರು.

ಆದರೆ ಅವರ ನಿಜವಾದ ವಿದ್ಯೆ ಇದ್ದದ್ದು ಮೂಗಿನಲ್ಲಿ. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದವರು ಅಲ್ಲಿಂದಲೇ ಕೊತ್ತಂಬರಿ ಹೊತ್ತುತ್ತಿದೆ ಎಂದು ಒಲೆಯ ಹತ್ತಿರ ನಿಲ್ಲಿಸಿ ಬಂದ ಹುಡುಗಿಗೆ ಹೇಳುತ್ತಿದ್ದರು. ಹಾಲಿನ ಪಾತ್ರೆಯ ಮುಚ್ಚಳ ತೆರೆದು, ಇದು ಮಧ್ಯಾಹ್ನ ಒಡೆಯುತ್ತದೆ, ಈಗಲೇ ಕಾಸಿ ಎನ್ನುತ್ತಿದ್ದರು. ತೆಂಗಿನಕಾಯಿ ಒಡೆದರೆ ಪ್ರತಿಯೊಂದು ಹೋಳನ್ನೂ ಮೂಗಿನ ಹತ್ತಿರ ಒಯ್ಯದೆ ತುರಿಯುತ್ತಿರಲಿಲ್ಲ. ಉಪ್ಪನ್ನೂ ರುಚಿ ನೋಡಿ ಹಾಕಿದವರಲ್ಲ, ಹಬೆಯಿಂದಲೇ ತಿಳಿಯುತ್ತದೆ ಎನ್ನುತ್ತಿದ್ದರು.

ಕೊರೊನಾದ ಎರಡನೆಯ ವರ್ಷ ಹಾಸ್ಟೆಲು ಖಾಲಿಯಾಯಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆರು ಹುಡುಗಿಯರು, ನಾನು, ಅಕ್ಕ ಉಳಿದೆವು. ಅಕ್ಕನಿಗೆ ಜ್ವರ ಬಂತು. ಹತ್ತು ದಿನ ಹಿಂದಿನ ಕೋಣೆಯ ಬಾಗಿಲಲ್ಲಿ ಗಂಜಿ ಇಟ್ಟು ದೂರ ನಿಂತು ಕರೆಯುತ್ತಿದ್ದೆ. ಹನ್ನೊಂದನೆಯ ದಿನ ಎದ್ದು ಬಂದು ಸ್ನಾನ ಮಾಡಿ ಒಲೆ ಹಚ್ಚಿದರು. ಗೆದ್ದೆವು ಅಂದುಕೊಂಡೆ.

ಕ್ರಮೇಣ ಹುಡುಗಿಯರು ಮರಳಿದರು, ಹಾಸ್ಟೆಲು ಮೊದಲಿನಂತಾಯಿತು. ಅಕ್ಕನಲ್ಲಿ ಮಾತ್ರ ಸಣ್ಣ ಬದಲಾವಣೆಗಳು ಕಾಣಿಸಿದವು. ಉಪ್ಪಿನ ಡಬ್ಬಿಯಲ್ಲಿ ಒಂದು ಚಮಚ ಬಂದು ಕುಳಿತಿತು. ಒಲೆಯ ಮೇಲಿನ ಗೋಡೆಗೆ ಗಡಿಯಾರ ಬಂತು. ಒಗ್ಗರಣೆ ಹಾಕುವಾಗ ಬಗ್ಗಿ ಸಾಸಿವೆಯ ಸಿಡಿತಕ್ಕೆ ಕಿವಿಗೊಡುತ್ತಿದ್ದರು. ದಿನವೂ ನನ್ನನ್ನು ಕರೆದು, ಸಾರು ಸ್ವಲ್ಪ ನೋಡಿ ಮೇಡಂ ಎಂದು ಸೌಟು ಮುಂದೆ ಹಿಡಿಯುತ್ತಿದ್ದರು. ಇಷ್ಟು ವರ್ಷ ಯಾರನ್ನೂ ಕೇಳದವರು ನನ್ನನ್ನು ಕೇಳುತ್ತಾರಲ್ಲ ಎಂದು ನನಗೆ ಹೆಮ್ಮೆ. ಅದನ್ನು ಪ್ರೀತಿ ಎಂದೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಆರು ಗಂಟೆಗೆ ಚಹಾಕ್ಕೆಂದು ಅಡಿಗೆಮನೆಯ ಬಾಗಿಲು ತಳ್ಳಿದರೆ ಗ್ಯಾಸಿನ ವಾಸನೆ ಮುಖಕ್ಕೆ ಬಡಿಯಿತು. ಅಕ್ಕ ಒಲೆಯ ಮುಂದೆ ನಿಂತಿದ್ದರು. ಕೈಯಲ್ಲಿ ಲೈಟರ್. ಮೂಲೆಯ ಒಲೆಯ ನಾಬ್ ಅರ್ಧ ತಿರುಗಿಯೇ ಇತ್ತು, ಅದನ್ನು ಅವರು ನೋಡಿರಲಿಲ್ಲ.

“ಅಕ್ಕಾರ, ಹಚ್ಚಬ್ಯಾಡ್ರಿ. ಕೈ ಕೆಳಗ ಇಡ್ರಿ” ಎಂದೆ.

ನನ್ನ ದನಿ ಕೇಳಿ ಅವರು ಅಲುಗಾಡದೆ ನಿಂತರು. ನಾನು ನಾಬ್ ಮುಚ್ಚಿ, ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲೆಲ್ಲ ತೆರೆದೆ. ಇಬ್ಬರೂ ಹಿತ್ತಿಲಿನ ಮೆಟ್ಟಿಲ ಮೇಲೆ ಬಂದು ಕುಳಿತೆವು. ಅಷ್ಟು ಗಾಢವಾದ ವಾಸನೆ ನಿಮಗೆ ಬರಲಿಲ್ಲವೇ ಎಂದು ಕೇಳಿದೆ. ಅವರು ಲೈಟರನ್ನು ಸೆರಗಿನಲ್ಲಿ ಒರೆಸುತ್ತಾ ಇದ್ದರು.

“ನನಗೆ ವಾಸನೆ, ರುಚಿ ಎಂತದೂ ಬರುದಿಲ್ಲ ಮೇಡಂ. ಜ್ವರ ಬಿಟ್ಟ ದಿವಸದಿಂದ ಇಲ್ಲ. ಎಂಟು ತಿಂಗಳಾಯ್ತು. ಮೀನೂ ಒಂದೇ, ಕಾಫಿಯೂ ಒಂದೇ. ನನ್ನ ಕೋಣೆಗೆ ಹೋದರೆ ಬೇರೆ ಯಾರದ್ದೋ ಕೋಣೆಗೆ ಹೋದ ಹಾಗೆ ಆಗ್ತದೆ.”

ಯಾರಿಗೂ ಹೇಳಬೇಡಿ ಎಂದರು. ಅಡಿಗೆ ಬಿಟ್ಟರೆ ಬೇರೆ ಏನು ಬರುತ್ತದೆ ತನಗೆ ಎಂದರು.

ನಾನು ಹೇಳಲಿಲ್ಲ. ಒಬ್ಬ ಜವಾಬ್ದಾರಿಯ ವಾರ್ಡನ್ ಆ ಹೊತ್ತಿಗೆ ಕಾಪುವಿನಲ್ಲಿರುವ ಮಾಲಿಕರಿಗೆ ಫೋನ್ ಮಾಡಬೇಕಿತ್ತು. ನಲವತ್ತು ಜನರ ಅನ್ನ, ಒಂದು ಕಟ್ಟಡದ ಗ್ಯಾಸು. ನಾನು ಮಾಡಿದ್ದೆಂದರೆ ನನ್ನ ಅಲಾರಂ ಅರ್ಧ ಗಂಟೆ ಬೇಗ ಬಡಿಯುವಂತೆ ಇಟ್ಟದ್ದು. ಮರುದಿನದಿಂದ ಮೊದಲು ನಾನು ಒಳಗೆ ಹೋಗಿ ಮೂಸಿ ನೋಡಿ, ಆಮೇಲೆ ಅವರನ್ನು ಕರೆಯುತ್ತಿದ್ದೆ. ಹಾಲು, ಹಿಟ್ಟು, ಎಣ್ಣೆ, ಒಡೆದ ಕಾಯಿ ಎಲ್ಲವೂ ನನ್ನ ಮೂಗಿನಡಿಗೆ ಬರತೊಡಗಿತು. ಚೆನ್ನಾಗಿದೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ಹೇಗೆ ಚೆನ್ನಾಗಿದೆ, ನಿನ್ನೆಯದಕ್ಕಿಂತ ಹುಳಿಯೋ, ಹೊಗೆಯುಂಟೋ, ಹಸಿಯುಂಟೋ ಎಂದು ಕೇಳುತ್ತಿದ್ದರು. ವಾಸನೆಗೆ ಅಷ್ಟು ಮಾತುಗಳಿವೆಯೆಂದು ನನಗೆ ತಿಳಿದದ್ದು ಆಗ. ಹುರಿದ ಮೆಂತ್ಯಕ್ಕೆ ಹೇಳಲು ಏನೂ ತೋಚದೆ, ನಮ್ಮೂರಲ್ಲಿ ಮೊದಲ ಮಳೆ ಬಿದ್ದ ಎರೆಮಣ್ಣಿನ ಹಾಗೆ ಎಂದೆ. ಅವರು ಸೌಟು ಹಿಡಿದುಕೊಂಡೇ ಕಣ್ಣು ಮುಚ್ಚಿ, ನಿಮ್ಮ ಮಣ್ಣು ನನಗೆ ಗೊತ್ತಿಲ್ಲವಲ್ಲ ಮೇಡಂ ಎಂದು ನಕ್ಕರು.

ಉಡುಪಿಯಲ್ಲಿ ಒಬ್ಬ ವೈದ್ಯರಿಗೆ ತೋರಿಸಿದೆವು. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ದಿನವೂ ನಾಲ್ಕು ಬಗೆಯ ವಾಸನೆಗಳನ್ನು ಗಮನವಿಟ್ಟು ಮೂಸಿ ಎಂದು ಹೇಳಿ ಕಳಿಸಿದರು. ಲವಂಗ, ನಿಂಬೆಯ ಸಿಪ್ಪೆ, ಶುಂಠಿ, ಕಾಫಿಪುಡಿ ನಾಲ್ಕು ಸಣ್ಣ ಡಬ್ಬಿಯಲ್ಲಿ ಹಾಕಿದೆವು. ಅಕ್ಕ ಬೆಳಿಗ್ಗೆ ಒಂದೊಂದನ್ನೂ ತೆರೆದು ಮೂಗಿಗೆ ಹಿಡಿದು, ತಲೆಯಾಡಿಸಿ ಮುಚ್ಚುತ್ತಿದ್ದರು. ತಿಂಗಳುಗಟ್ಟಲೆ ಮಾಡಿದರು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಬೇಸರ ತೋರಿಸಲಿಲ್ಲ.

ಒಂದು ಮಾತು ಇಲ್ಲಿ ಬರೆಯಲೇಬೇಕು. ಆ ತಿಂಗಳುಗಳಲ್ಲಿ ನಾನು ಸುಖವಾಗಿದ್ದೆ. ಬೆಳಿಗ್ಗೆ ಏಳಲು ಒಂದು ಕಾರಣವಿತ್ತು, ನನಗಾಗಿ ಒಬ್ಬರು ಕಾಯುತ್ತಿದ್ದರು. ಅವರು ಕಳೆದುಕೊಂಡದ್ದರಿಂದ ನನಗೆ ಇದು ಸಿಕ್ಕಿದೆ ಎಂಬುದು ಗೊತ್ತಿದ್ದರಿಂದ, ಆ ಡಬ್ಬಿಗಳನ್ನು ಅವರು ತೆರೆಯುವಾಗ ನನ್ನೊಳಗೆ ಒಂದು ಅಳುಕು ಇರುತ್ತಿತ್ತು. ವಾಸನೆ ಬರಲಿ ಎಂದು ಹಾರೈಸುತ್ತಿದ್ದೆ. ಪೂರ್ತಿ ಮನಸ್ಸಿನಿಂದ ಹಾರೈಸುತ್ತಿದ್ದೆನೋ ಇಲ್ಲವೋ ಈಗಲೂ ಹೇಳಲಾರೆ.

ಅಣ್ಣನ ಮಗಳ ಮದುವೆಗೆ ನಾನು ಐದು ದಿನ ಊರಿಗೆ ಹೋಗಬೇಕಾಯಿತು. ಹೋಗುವಾಗ ಗ್ಯಾಸಿನ ಕೆಲಸವನ್ನು ಒಬ್ಬ ಹುಡುಗಿಗೆ ಏನೋ ನೆಪ ಹೇಳಿ ಒಪ್ಪಿಸಿದೆ. ಮೀನಿನ ಬಗ್ಗೆ ಅಕ್ಕ ತಾವೇ ಧೈರ್ಯ ಹೇಳಿದರು: ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು, ಇದಕ್ಕೆ ಮೂಗು ಬೇಡ. ತೆಂಗಿನಕಾಯಿ ನನಗೂ ನೆನಪಾಗಲಿಲ್ಲ, ಅವರಿಗೂ ಆಗಲಿಲ್ಲ. ನೋಡಲು ಬೆಳ್ಳಗೆ ಇದ್ದು ಕಮಟು ಹಿಡಿದ ಕಾಯಿಯನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ.

ಮುಂದಿನದು ಹುಡುಗಿಯರು ಹೇಳಿದ್ದು. ನಾನು ಹೋದ ಮೂರನೆಯ ದಿನ ಬೆಳಿಗ್ಗೆ ಇಡ್ಲಿಗೆ ಚಟ್ನಿ. ಮೊದಲ ಸಾಲಿನವರು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು. ಯಾರೂ ಮಾತಾಡಲಿಲ್ಲ, ಅಕ್ಕನಿಗೆ ಯಾರೂ ಎದುರಾಡುವವರಲ್ಲ. ಹೊಸದಾಗಿ ಸೇರಿದ್ದ ಒಬ್ಬಳು ಮಾತ್ರ ಪಕ್ಕದವಳಿಗೆ, ಇವರಿಗೇನು ಮೂಗಿಲ್ಲವಾ ಎಂದಳು. ಮೆಲ್ಲಗೆ ಹೇಳಿದ್ದು, ಆದರೆ ಅಕ್ಕ ಆಗ ಅವಳ ಹಿಂದೆಯೇ ಇಡ್ಲಿಯ ಪಾತ್ರೆ ಹಿಡಿದು ನಿಂತಿದ್ದರು. ಅವರು ಪಾತ್ರೆ ಕೆಳಗಿಟ್ಟು ಎಲ್ಲರ ಮುಂದೆ ಬಂದು ನಿಂತರಂತೆ.

“ಇಲ್ಲ ಮಗ. ನನಗೆ ಮೂಗಿಲ್ಲ. ಒಂದೂವರೆ ವರ್ಷ ಆಯ್ತು. ನಿಮಗೆಲ್ಲ ಹೇಳದೆ ಬಡಿಸಿದ್ದು ತಪ್ಪು” ಎಂದರಂತೆ.

ಆ ಹುಡುಗಿ ಅಳತೊಡಗಿದಳು. ಅಕ್ಕ ಅವಳ ತಲೆ ಸವರಿ, ಒಳಗೆ ಹೋಗಿ ಸಕ್ಕರೆ, ತುಪ್ಪ ತಂದು ಎಲ್ಲರ ತಟ್ಟೆಗೂ ಹಾಕಿದರು. ಅದೇ ದಿನ ಮಾಲಿಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಮಾಲಿಕರು ಒಳ್ಳೆಯವರು. ಅಡಿಗೆ ಬೇಡ, ತರಕಾರಿ ಹೆಚ್ಚಿಕೊಂಡು ಇರಿ ಎಂದರು. ಅಕ್ಕ ಒಪ್ಪಲಿಲ್ಲ. ಹೊಸ ಅಡಿಗೆಯವಳು ಬರುವವರೆಗೆ ಎರಡು ದಿನ ಹುಡುಗಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೇಯಿಸಿದರು. ನಾನು ಊರಿನಿಂದ ಬಂದು ಇಳಿದಾಗ ಹಿಂದಿನ ಕೋಣೆ ಗುಡಿಸಿ ಖಾಲಿಯಾಗಿತ್ತು. ಆ ಬೆಳಿಗ್ಗೆಯೇ ಕಾರ್ಕಳದ ಬಸ್ಸು ಹತ್ತಿದ್ದರು, ತಂಗಿಯ ಮನೆಗೆ. ನನಗೆ ಒಂದು ಚೀಟಿಯನ್ನಾಗಲಿ, ಒಂದು ಮಾತನ್ನಾಗಲಿ ಬಿಟ್ಟು ಹೋಗಿರಲಿಲ್ಲ. ಕೆಲವು ಗಂಟೆ ಕಾಯಬಹುದಿತ್ತು. ಆ ಸಿಟ್ಟಿನಲ್ಲಿ ನಾಲ್ಕು ತಿಂಗಳು ನಾನು ಫೋನೂ ಮಾಡಲಿಲ್ಲ.

ಕೊನೆಗೆ ಒಂದು ಭಾನುವಾರ ನಾನೇ ಹೋದೆ. ಕಾರ್ಕಳದ ಪೇಟೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ತಂಗಿ ಮತ್ತು ಮನೆಯವರು ಪಡುಬಿದ್ರಿಯಲ್ಲಿ ಯಾರದ್ದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅಕ್ಕ ಒಬ್ಬರೇ ಇದ್ದರು, ಸ್ವಲ್ಪ ದಪ್ಪಗಾಗಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿಲ್ಲ, ಅದನ್ನು ನೋಡಿಯೇ ನನಗೆ ಕಷ್ಟವಾಯಿತು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದು ಎದ್ದು ಒಳಗೆ ನಡೆದರು.

ಕುಚ್ಚಲಕ್ಕಿ ಅನ್ನ, ಬಸಳೆಯ ಸಾರು, ಒಂದು ಚಟ್ನಿ. ಮಾಡುವಾಗ ನನ್ನನ್ನು ಹತ್ತಿರ ಕರೆಯಲಿಲ್ಲ. ಬಡಿಸಿ ಎದುರು ಕುಳಿತು, ಹೇಗುಂಟು ಎಂದು ಕೇಳಿದರು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ನಾನು ಹಾಗೆಯೇ ಹೇಳಿದೆ. ಅವರ ಮುಖ ಅರಳಿತು.

“ನೋಡಿ, ನೀವು ಹೇಳಿದಿರಿ. ಇಲ್ಲಿ ಯಾರೂ ಹೇಳುದಿಲ್ಲ. ತಟ್ಟೆಯಲ್ಲಿ ಬಿಟ್ಟು ಏಳ್ತಾರೆ, ಆಮೇಲೆ ತಂಗಿ ನನಗೆ ಬೈತಾಳೆ.”

ವಾಸನೆಯ ವಿಷಯ ತಂಗಿಗೆ ಗೊತ್ತಿಲ್ಲವೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ನಲವತ್ತು ಹುಡುಗಿಯರ ಮುಂದೆ ಹೇಳಿದವರು ಒಡಹುಟ್ಟಿದವಳಿಗೆ ಹೇಳಿರಲಿಲ್ಲ.

“ಹೇಳಿದರೆ ಪಾಪ ಅಂತಾರೆ ಮೇಡಂ. ಮತ್ತೆ ಬೈಯುದಿಲ್ಲ, ಒಲೆಯ ಹತ್ತಿರ ಬಿಡುದೂ ಇಲ್ಲ. ಈಗ ಬೈಗುಳದಲ್ಲಾದರೂ ಸ್ವಲ್ಪ ಖಾರ ಉಂಟು. ನೀವು ಹೇಳ್ಬೇಡಿ.”

ನನಗಾಗಿ ಏಕೆ ಕಾಯಲಿಲ್ಲವೆಂದು ಹೊರಡುವಾಗ ಕೇಳಿಯೇಬಿಟ್ಟೆ. ನೀವು ಇದ್ದಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ, ಇನ್ನೊಂದು ವರ್ಷ ಇಬ್ಬರೂ ಹಾಗೆಯೇ ನಡೆಸುತ್ತಿದ್ದೆವು, ಒಂದು ದಿನ ಯಾವ ಮಗುವಿಗೋ ಏನೋ ಆಗುತ್ತಿತ್ತು ಎಂದರು. ಅದು ನಿಜ. ಅವರು ನನ್ನ ಮನಸ್ಸನ್ನೂ ಮುಚ್ಚಳ ತೆರೆದು ನೋಡಿದ್ದರೆಂದು ಆಗ ತಿಳಿಯಿತು.

ಆಮೇಲೆ ಮೂರು ಸಲ ಹೋದೆ. ನಾಲ್ಕನೆಯ ಸಲ ಹೋಗಬೇಕೆಂದುಕೊಂಡಿದ್ದ ವಾರದಲ್ಲಿ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಹಳೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ತಲೆಯಲ್ಲಿ ರಕ್ತಸ್ರಾವವಾಗಿ ಅಕ್ಕನನ್ನು ಮಣಿಪಾಲಕ್ಕೆ ತಂದಿದ್ದರಂತೆ, ಪ್ರಜ್ಞೆ ಬರಲೇ ಇಲ್ಲವಂತೆ. ನಾನು ಹೋಗುವಷ್ಟರಲ್ಲಿ ದೇಹವನ್ನು ಕಾರ್ಕಳಕ್ಕೆ ಒಯ್ದಾಗಿತ್ತು. ನಾನು ಯಾರೆಂದು ಅಲ್ಲಿ ಹೇಳಿಕೊಳ್ಳಲಿ ಎಂದು ತಿಳಿಯದೆ ಆಸ್ಪತ್ರೆಯಿಂದಲೇ ಹಿಂದಿರುಗಿದೆ.

ಉತ್ತರಕ್ರಿಯೆಯ ದಿನ ಹೋದೆ. ಊಟವೆಲ್ಲ ಮುಗಿದು ಜನ ಚದುರಿದ ಮೇಲೆ ತಂಗಿ ನನ್ನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರು ಮಾರಾಟಕ್ಕೆಂದು ಬೆಳೆಸಿದ ಮಲ್ಲಿಗೆಯ ಗಿಡಗಳು ಸಾಲಾಗಿದ್ದವು. ಮನೆಯಲ್ಲಿ ಸೂತಕವೆಂದು ಮೊಗ್ಗು ಕೊಯ್ದಿರಲಿಲ್ಲ, ಎಲ್ಲವೂ ಬಿರಿದು ನಿಂತಿದ್ದವು. ತಂಗಿಗೆ ನನ್ನಲ್ಲಿ ಕೇಳಲು ಒಂದು ಮಾತಿತ್ತು. ನಿಮ್ಮ ಹಾಸ್ಟೆಲಿನಲ್ಲೂ ಅಕ್ಕ ಹೀಗೆ ಬಾಯಿಗಿಡಲು ಆಗದ ಹಾಗೆ ಅಡಿಗೆ ಮಾಡುತ್ತಿದ್ದಳಾ ಎಂದರು. ಊರವರಿಗೆ ಇಪ್ಪತ್ತು ವರ್ಷ ಮನಸ್ಸಿಟ್ಟು ಬಡಿಸಿದವಳು ಸ್ವಂತ ತಂಗಿಯ ಮನೆಗೆ ಬಂದು ಕಾಟಾಚಾರಕ್ಕೆ ಬೇಯಿಸಿದಳಲ್ಲ, ನಮ್ಮ ಮೇಲೆ ಏನು ಸಿಟ್ಟಿತ್ತು ಅವಳಿಗೆ ಎಂದು ಕಣ್ಣೊರೆಸಿಕೊಂಡರು. ಒಂದು ದಿನ ಸೌಟನ್ನು ಅವಳ ಕೈಯಿಂದ ಕಸಿದುಕೊಂಡಿದ್ದೆ ಎಂದೂ ಹೇಳಿದರು.

ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಆದರೆ ಆ ಹೆಂಗಸು ಜೀವಮಾನವಿಡೀ ಇಲ್ಲದ ಒಂದು ಸಿಟ್ಟನ್ನು ಹೊತ್ತುಕೊಂಡು ಇರುವುದನ್ನು ನೋಡಲಾಗಲಿಲ್ಲ. ಹೇಳಿದೆ. ಜ್ವರದಿಂದ ಹಿಡಿದು ನಾಲ್ಕು ಡಬ್ಬಿಗಳವರೆಗೆ, ಚಟ್ನಿಯ ದಿನದವರೆಗೆ ಎಲ್ಲವನ್ನೂ ಹೇಳಿದೆ.

ತಂಗಿ ಗಿಡಗಳ ನಡುವಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು.

“ಸಂಜೆ ಆದರೆ ಇಲ್ಲೇ ಬಂದು ಕೂತ್ಕೊಳ್ತಿದ್ದಳು” ಎಂದರು. “ದಿನಾ ಕೇಳುದು, ಇವತ್ತು ಮಲ್ಲಿಗೆ ಪರಿಮಳ ಹೇಗುಂಟು ಅಂತ. ಮೂಗಿನ ಬುಡದಲ್ಲೇ ಉಂಟಲ್ಲ, ನನ್ನನ್ನು ಎಂತ ಕೇಳ್ತಿ ಅಂತ ನಾನು ಬೈದು ಒಳಗೆ ಹೋಗ್ತಿದ್ದೆ.”

ಒಂದು ಬಿರಿದ ಹೂವನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದರು.

“ಹೀಗುಂಟು ಅಂತ ಒಂದು ಮಾತು ಹೇಳಿದ್ದರೆ ಏನು ಹೋಗ್ತಿತ್ತು ನನಗೆ?”

ನಾನು ಅವರ ಪಕ್ಕದಲ್ಲಿ ಕುಳಿತೆ. ಬಿಸಿಲು ಇಳಿಯುತ್ತಿತ್ತು. ಕೊಯ್ಯದೆ ಬಿಟ್ಟ ಅಷ್ಟೂ ಮಲ್ಲಿಗೆಯ ಪರಿಮಳ ನಮ್ಮಿಬ್ಬರ ಸುತ್ತ ಏಳತೊಡಗಿತು.